ಜೊತೆಯವನು ಕಾಯಿಸಿದ ದೊಯ್ರಾ

ಕೋಜಿಮ್‌ನ ಹೆಸರು ಕಿವಿಗೆ ಬಿದ್ದರೆ ಸಾಕು, ಎರ್ಗಶ್ ಕುಡಿಯುತ್ತಿದ್ದ ಚಹಾ ಅಲ್ಲೇ ಕಹಿಯಾಗುತ್ತಿತ್ತು. ಕೋಕಂದ್ ಊರಿನಲ್ಲಿ ಆ ಹೆಸರು ಕಿವಿಗೆ ಬೀಳದ ದಿನವೇ ಇರಲಿಲ್ಲ. ಹಾಗಾಗಿ ಮೂವತ್ತೊಂದು ವರ್ಷದಿಂದ ಎರ್ಗಶ್ ನೆಮ್ಮದಿಯಾಗಿ ಒಂದು ಬಟ್ಟಲು ಚಹಾ ಕುಡಿದವನಲ್ಲ. ಕ್ಷೌರದಂಗಡಿಗೆ ಹೋದರೆ ಕ್ಷೌರಿಕ ಕತ್ತಿ ಮಸೆಯುತ್ತಾ ಕೇಳುತ್ತಿದ್ದ, "ಮೇಷ್ಟ್ರೇ, ನಿನ್ನೆ ನಮ್ಮ ಬೀದಿ ಮದುವೆಗೆ ಕೋಜಿಮ್ ಅಣ್ಣ ಬಂದಿದ್ರು, ನೀವು ಬರಲಿಲ್ವಾ?" ಕರೆದಿದ್ದರೆ ತಾನೇ ಹೋಗುವುದು! ಗಂಟಲ ಮೇಲೆ ಕತ್ತಿ ಇದ್ದದ್ದರಿಂದ ಎರ್ಗಶ್ ತಲೆ ಅಲ್ಲಾಡಿಸದೆ ಸುಮ್ಮನಿರುತ್ತಿದ್ದ.

ಹಾಗಂತ ಅವನೇನು ಕಡಿಮೆ ಮನುಷ್ಯನಲ್ಲ. ಊರಿನ ಸಂಗೀತ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷದಿಂದ ದೊಯ್ರಾ ಕಲಿಸುತ್ತಿದ್ದಾನೆ. ಎರಡನೇ ಮಹಡಿಯ ಕೊನೆಯ ಕೋಣೆ ಅವನದು. ಉಳಿದ ಮೇಷ್ಟ್ರುಗಳೆಲ್ಲ ಸದ್ದು ತಾಳಲಾರದೆ ಅವನನ್ನು ಆ ಮೂಲೆಗೆ ತಳ್ಳಿದ್ದರು. ಕರುವಿನ ಚರ್ಮ ಬಿಗಿದ, ಒಳಗೆಲ್ಲ ಕಬ್ಬಿಣದ ಉಂಗುರ ಪೋಣಿಸಿದ ಆ ಅಗಲವಾದ ಬಳೆಯಂಥ ವಾದ್ಯದಲ್ಲಿ ನಡುವೆ ಹೊಡೆದರೆ 'ಬುಂ', ಅಂಚಿಗೆ ಹೊಡೆದರೆ 'ಬಕ್'. ಈ ಎರಡೇ ಅಕ್ಷರದಲ್ಲಿ ಕೋಕಂದ್ ಸುತ್ತಲಿನ ಇಡೀ ಕಣಿವೆಯ ಮದುವೆ, ಕುಣಿತಗಳೆಲ್ಲ ಅಡಗಿವೆ. ಬಾಯಿಂದ ಬಾಯಿಗೆ ಬಂದಿದ್ದ ಇನ್ನೂರ ಹನ್ನೊಂದು ಲಯಗಳನ್ನು ಎರ್ಗಶ್ ಮೊದಲ ಬಾರಿಗೆ ಕಾಗದಕ್ಕಿಳಿಸಿದ. ವಸಂತದ ನವ್ರೂಜ್ ಹಬ್ಬಕ್ಕೆಂದು ನಲವತ್ತು ದೊಯ್ರಾಗಳು ಒಟ್ಟಿಗೆ ನುಡಿಯುವ ರಚನೆಯೊಂದನ್ನು ಮಾಡಿದ. ಊರಿನ ಉದ್ಯಾನದಲ್ಲಿ ಅದನ್ನು ನುಡಿಸಿದ ದಿನ ಜನ ಎದ್ದು ನಿಂತರು. ಆಮೇಲೆ ಮುದುಕನೊಬ್ಬ ಬಂದು ಕೈ ಕುಲುಕಿ ಹೇಳಿದ, "ಶಾಭಾಷ್ ಕಣಪ್ಪ! ನಡುವೆ ಬಂತಲ್ಲ, ಅದು ನಮ್ಮ ಕೋಜಿಮ್‌ನ ಹರಿವಾಣದ ಪೆಟ್ಟು ಅಲ್ವಾ?"

ಹೌದು, ಅದೇ ಆಗಿತ್ತು. ಬರೆಯುವಾಗ ಎರ್ಗಶ್‌ಗೆ ಗೊತ್ತೇ ಆಗಿರಲಿಲ್ಲ. ಗೊತ್ತಾದ ಮೇಲೆ ಮೂರು ದಿನ ಊಟ ಸೇರಲಿಲ್ಲ.

"ನಿಮ್ಮ ಎದೇಲಿ ಕೋಜಿಮ್ ಅಣ್ಣನಿಗೆ ಇರೋಷ್ಟು ಜಾಗ ನನಗೆ ಕೊಟ್ಟಿದ್ರೆ ನಾನು ರಾಣಿ ಆಗಿರ್ತಿದ್ದೆ," ಅನ್ನುತ್ತಿದ್ದಳು ಹೆಂಡತಿ ಮಹ್ಫುಜಾ. "ಒಂದ್ಸಲ ಹೋಗಿ ಜಗಳನಾದ್ರೂ ಆಡಿ ಬನ್ನಿ. ಈ ಉರಿಗೆ ರೊಟ್ಟಿ ಸುಡಬಹುದು."

ಅವಳಿಗೆ ಗೊತ್ತಿಲ್ಲದ್ದು ಒಂದಿತ್ತು. ಅದನ್ನು ಎರ್ಗಶ್ ಯಾರಿಗೂ ಹೇಳಿರಲಿಲ್ಲ.

ಎರ್ಗಶ್ ಮತ್ತು ಕೋಜಿಮ್ ಇಬ್ಬರೂ ಒಂದೇ ವಯಸ್ಸಿನವರು, ಒಬ್ಬರೇ ಉಸ್ತಾದರ ಶಿಷ್ಯರು. ಉಸ್ತಾದ್ ಮದಮಿನ್‌ರ ಮನೆ ಕುಂಬಾರರ ಬೀದಿಯ ಹಿಂದಿತ್ತು. ಏಳು ವರ್ಷ ಇಬ್ಬರೂ ಅಲ್ಲಿ ಒಂದೇ ತಟ್ಟೆಯಲ್ಲಿ ಉಂಡರು, ಒಂದೇ ಬೈಗುಳ ಹಂಚಿಕೊಂಡರು. ಉಸ್ತಾದರ ಮನೆಯಲ್ಲಿ ಒಂದು ಕಟ್ಟಳೆ. ದೊಯ್ರಾದ ಚರ್ಮ ತೇವಕ್ಕೆ ಸಡಿಲವಾಗುತ್ತದಲ್ಲ, ನುಡಿಸುವ ಮೊದಲು ಕೆಂಡದ ಮೇಲೆ ಹಿಡಿದು ಕಾಯಿಸಬೇಕು. ಆದರೆ ತನ್ನ ದೊಯ್ರಾವನ್ನು ತಾನೇ ಕಾಯಿಸುವ ಹಾಗಿಲ್ಲ, ಜೊತೆಯವನು ಕಾಯಿಸಿಕೊಡಬೇಕು.

"ತನ್ನ ವಾದ್ಯಕ್ಕೆ ಎಷ್ಟು ಕಾವು ಬೇಕು ಅಂತ ಯಾವನಿಗೂ ಗೊತ್ತಾಗಲ್ಲ," ಅನ್ನುತ್ತಿದ್ದರು ಉಸ್ತಾದರು. "ಆಸೆಗೆ ಬಿದ್ದು ಜಾಸ್ತಿ ಕಾಯಿಸ್ತಾನೆ, ಇಲ್ಲ ಭಯಕ್ಕೆ ಕಮ್ಮಿ ಕಾಯಿಸ್ತಾನೆ. ಜೊತೆಯವನ ಕೈಗೆ ಕೊಡಿ. ಕೊಟ್ಟ ಮೇಲೆ ನೋಡಬೇಡಿ."

ಒಂದು ಗೇಣು ಎತ್ತರ, ಮೂರು ತಿರುವು, ಉಗುರಿಂದ ತಟ್ಟಿ ಕೇಳುವುದು, ದನಿ ಏರಿ ನಿಂತ ತಕ್ಷಣ ತೆಗೆಯುವುದು. ಅದಕ್ಕಿಂತ ಒಂದು ತಿರುವು ಹೆಚ್ಚಾದರೆ ಕಣ್ಣಿಗೇನೂ ಕಾಣುವುದಿಲ್ಲ, ಆದರೆ ಒಳಗೊಳಗೇ ಚರ್ಮ ಒಣಗಿರುತ್ತದೆ. ನಾಲ್ಕು ಪೆಟ್ಟು ಬಿದ್ದರೆ ಹರಿಯುತ್ತದೆ.

ಕೋಜಿಮ್‌ನ ಕೈಯಲ್ಲಿ ಏನೋ ಇತ್ತು. ಎರ್ಗಶ್ ಹತ್ತು ಸಲ ಅಭ್ಯಾಸ ಮಾಡಿದ್ದನ್ನು ಅವನು ಏಪ್ರಿಕಾಟ್ ತಿನ್ನುತ್ತಾ ಒಂದೇ ಸಲಕ್ಕೆ ನುಡಿಸಿಬಿಡುತ್ತಿದ್ದ. ಹಣ್ಣಿನ ಬೀಜ ಉಗಿದು, "ಹೀಗೆ ತಾನೆ?" ಅನ್ನುತ್ತಿದ್ದ. ಆ 'ಹೀಗೆ ತಾನೆ' ಕೇಳಿದಾಗಲೆಲ್ಲ ಎರ್ಗಶ್‌ನ ಹೊಟ್ಟೆಯಲ್ಲಿ ಒಂದು ಕೆಂಡ ಬೀಳುತ್ತಿತ್ತು. ತಾನು ಬೆರಳು ಒಡೆದು ರಕ್ತ ಬರುವವರೆಗೂ ಸಾಧಿಸಿದ್ದಕ್ಕೆ ಉಸ್ತಾದರು "ಹ್ಞೂಂ" ಅಂದರೆ, ಕೋಜಿಮ್‌ಗೆ ಏನೂ ಅನ್ನದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆ ಮುಚ್ಚಿದ ಕಣ್ಣು ತನಗೆ ಒಂದು ದಿನವೂ ಸಿಗಲಿಲ್ಲವಲ್ಲ ಎಂಬುದು ಎರ್ಗಶ್‌ನ ಸಂಕಟ.

ಇಬ್ಬರಿಗೂ ಇಪ್ಪತ್ಮೂರು ತುಂಬಿದ ವರ್ಷ, ಶರತ್ಕಾಲದಲ್ಲಿ, ಒಂದು ದೊಡ್ಡ ಮದುವೆಯ ಬೆಳಗಿನ ಪಲಾವಿನ ಊಟಕ್ಕೆ ಉಸ್ತಾದರು ಇಬ್ಬರನ್ನೂ ಕರೆದುಕೊಂಡು ಹೋದರು. "ಇವತ್ತು ನೀವಿಬ್ಬರೇ ನುಡಿಸಿ. ಆಮೇಲೆ ಫಾತಿಹಾ," ಅಂದರು. ಉಸ್ತಾದರು ಸಭೆಯ ಎದುರು ಎರಡು ಕೈ ಎತ್ತಿ ಶಿಷ್ಯನಿಗಾಗಿ ಪ್ರಾರ್ಥಿಸಿ ಮುಖ ಸವರಿಕೊಂಡರೆ ಅವನು ಸ್ವತಂತ್ರ. ಅಲ್ಲಿಂದ ಮುಂದೆ ತಾನೂ ಶಿಷ್ಯರನ್ನು ಇಟ್ಟುಕೊಳ್ಳಬಹುದು, ಅವರಿಗೆ ಕೈ ಎತ್ತಬಹುದು. ಅದು ಸಿಗದವನು ಬೇರೆಯವರಿಗೆ ಕೊಡುವ ಹಾಗಿಲ್ಲ. ಇಲ್ಲದ್ದನ್ನು ಎಲ್ಲಿಂದ ತಂದು ಕೊಡುತ್ತಾನೆ?

ಹಿಂದಿನ ದಿನ ಮಳೆ ಬಂದು ಎಲ್ಲ ತೇವವಾಗಿತ್ತು. ಪಲಾವಿನ ದೊಡ್ಡ ಕಡಾಯಿಯ ಪಕ್ಕದಲ್ಲೇ ಕೆಂಡ. ಕೋಜಿಮ್ ತನ್ನ ದೊಯ್ರಾವನ್ನು ಎರ್ಗಶ್‌ನ ಕೈಗೆ ಕೊಟ್ಟು, ಎರ್ಗಶ್‌ನದನ್ನು ತಾನು ತೆಗೆದುಕೊಂಡ. ಎರ್ಗಶ್ ಒಂದು ತಿರುವು ತಿರುಗಿಸಿದ, ಎರಡು, ಮೂರು. ಉಗುರಿಂದ ತಟ್ಟಿದ. ದನಿ ಏರಿ ನಿಂತಿತು. ಎಂಥ ದನಿ! ಅಷ್ಟರಲ್ಲಿ ಚಪ್ಪರದ ಕೆಳಗೆ ಉಸ್ತಾದರು ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು, "ಕೋಜಿಮ್ ನುಡಿಸೋದು ಕೇಳಿ ಇವತ್ತು, ಕೋಜಿಮ್."

ಎರ್ಗಶ್ ನಾಲ್ಕನೇ ತಿರುವು ತಿರುಗಿಸಿದ.

ಕೋಜಿಮ್ ಕೂತು ಶುರುಮಾಡಿದ. ಇನ್ನೂ ಲಯ ಹಿಡಿಯುವ ಮೊದಲೇ ಚರ್ಮ ಅಂಚಿಂದ ಅಂಚಿಗೆ ಪರ್ರನೆ ಹರಿಯಿತು. ಕೋಜಿಮ್ ಹರಿದ ದೊಯ್ರಾವನ್ನು ಮೆಲ್ಲಗೆ ಕೆಳಗಿಟ್ಟು, ಎದುರಿಗಿದ್ದ ತಾಮ್ರದ ಹರಿವಾಣದಿಂದ ರೊಟ್ಟಿ ಎತ್ತಿ ಪಕ್ಕದವನ ಮಡಿಲಿಗೆ ಹಾಕಿದ. ಖಾಲಿ ಹರಿವಾಣವನ್ನು ಮೊಣಕಾಲ ಮೇಲೆ ನಿಲ್ಲಿಸಿಕೊಂಡು ನುಡಿಸತೊಡಗಿದ. ತಾಮ್ರದ ಮೇಲೆ ಉಗುರು, ಬೆರಳ ಗೆಣ್ಣು, ಅಂಗೈ. ಕಡಾಯಿಯ ಮುಂದಿದ್ದ ಅಡುಗೆಯವನು ಸೌಟು ಹಿಡಿದುಕೊಂಡೇ ಕುಣಿದುಬಿಟ್ಟ. ಮದುಮಗನ ಅಪ್ಪ ತನ್ನ ಹೊಸ ನಿಲುವಂಗಿ ಬಿಚ್ಚಿ ಕೋಜಿಮ್‌ಗೆ ಹೊದಿಸಿದ. ಅವತ್ತಿಂದ ಅವನು ಕಣಿವೆಗೆಲ್ಲ 'ಹರಿವಾಣದ ಕೋಜಿಮ್' ಆದ.

ಆಮೇಲೆ ಎರ್ಗಶ್‌ನ ಸರದಿ. ಕೋಜಿಮ್ ಕಾಯಿಸಿಕೊಟ್ಟ ದೊಯ್ರಾ ಅವನ ಕೈಯಲ್ಲಿ ಹಿಂದೆಂದೂ ನುಡಿಯದ ಹಾಗೆ ನುಡಿಯಿತು. ಅಷ್ಟು ಹದವಾಗಿ ಅದನ್ನು ಯಾರೂ ಯಾವತ್ತೂ ಕಾಯಿಸಿರಲಿಲ್ಲ. ಪ್ರತಿ ಪೆಟ್ಟಿಗೂ ಎರ್ಗಶ್‌ಗೆ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು. ಉಸ್ತಾದರು ಕೋಜಿಮ್‌ಗೆ ಕೈ ಎತ್ತಿದರು. ಎರ್ಗಶ್‌ನ ಮುಖವನ್ನೇ ಒಂದು ಗಳಿಗೆ ನೋಡಿ, "ನಿನಗೆ ಇನ್ನೊಂದು ದಿನ," ಅಂದರು.

ಆ ದಿನ ಬರಲಿಲ್ಲ. ಎರ್ಗಶ್ ತಾಷ್ಕೆಂಟಿಗೆ ಓದಲು ಹೋದ. ಉಸ್ತಾದರ ಮನೆ ಕಡೆ ತಲೆ ಹಾಕಲು ಮುಖವಿರಲಿಲ್ಲ. ಎರಡನೇ ವರ್ಷದಲ್ಲಿ ಉಸ್ತಾದರು ತೀರಿಕೊಂಡರೆಂದು ತಂತಿ ಬಂತು. ಮಣ್ಣಿಗೂ ಹೋಗಲಾಗಲಿಲ್ಲ. ಊರಿಗೆ ಬಂದಾಗ ನೋಡುತ್ತಾನೆ, ಬೀದಿಯಲ್ಲಿ ಕೋಜಿಮ್ ಉಸ್ತಾದರ ನಿಲುವಂಗಿ ಹಾಕಿಕೊಂಡು ನಡೆದು ಬರುತ್ತಿದ್ದಾನೆ! ಹಸಿರು ನೇರಳೆ ಪಟ್ಟೆಯ, ಎಡ ಮೊಣಕೈಗೆ ತೇಪೆ ಹಾಕಿದ ಅದೇ ಹಳೆಯ ನಿಲುವಂಗಿ. ಫಾತಿಹಾ ಅವನಿಗೆ, ಹೆಸರು ಅವನಿಗೆ, ಕೊನೆಗೆ ಮೈಮೇಲಿನ ಬಟ್ಟೆಯೂ ಅವನಿಗೆ. ಎರ್ಗಶ್ ಮರದ ಮರೆಗೆ ಸರಿದು ನಿಂತ. ಅಲ್ಲಿಂದ ಮುಂದೆ ಇಬ್ಬರೂ ಮಾತಾಡಲಿಲ್ಲ. ಆ ಪಟ್ಟೆ ದೂರದಲ್ಲಿ ಕಂಡರೆ ಎರ್ಗಶ್ ಬೀದಿ ಬದಲಿಸುತ್ತಿದ್ದ.

ಕಾಲೇಜಿನಲ್ಲಿ ಶಿಷ್ಯರು ಫಾತಿಹಾ ಕೇಳಿದರೆ, "ಕಾಲೇಜು ಡಿಪ್ಲೊಮಾ ಕೊಡುತ್ತಲ್ಲ, ಮೊಹರು ಇರುತ್ತೆ, ಸಹಿ ಇರುತ್ತೆ. ಅದೆಲ್ಲ ಹಳೇ ಕಾಲದ್ದು ಕಣ್ರೋ," ಅಂದುಬಿಡುತ್ತಿದ್ದ. ಅವರೂ ಮರುಮಾತಾಡದೆ ಹೋಗುತ್ತಿದ್ದರು. ತನ್ನ ಮಾತು ಒಪ್ಪಿದರು ಅಂದುಕೊಂಡಿದ್ದ ಮಹಾರಾಯ.

ಈ ವರ್ಷ ವಸಂತದಲ್ಲಿ ಕೋಜಿಮ್‌ಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಸುದ್ದಿ ತಂದವಳು ಮಹ್ಫುಜಾ. ಕೇಳಿದ ಕ್ಷಣ ಎರ್ಗಶ್‌ಗೆ ಆದದ್ದು ಸಂತೋಷ. ಮರುಕ್ಷಣ ತನ್ನ ಮೇಲೆ ತನಗೇ ಹೇಸಿಗೆಯಾಗಿ ಹಿತ್ತಲಿಗೆ ಹೋಗಿ ಕೂತ. ಆದರೆ ಮೊದಲು ಬಂದದ್ದು ಸಂತೋಷವೇ. ಅದನ್ನು ಸುಳ್ಳು ಅನ್ನುವ ಹಾಗಿರಲಿಲ್ಲ.

ಸೆಪ್ಟೆಂಬರಿನಲ್ಲಿ ಸಬೋಹತ್ ಬಂದಳು. ಈ ಇಪ್ಪತ್ತೆಂಟು ವರ್ಷದಲ್ಲಿ ಎರ್ಗಶ್‌ಗೆ ಸಿಕ್ಕ ಒಂದೇ ಒಂದು ನಿಜವಾದ ಕೈ ಎಂದರೆ ಈ ಹುಡುಗಿಯದು. ಅವಳು ನುಡಿಸುವಾಗ ಅವನಿಗೇ ಗೊತ್ತಿಲ್ಲದೆ ಅವನ ಕಣ್ಣು ಮುಚ್ಚುತ್ತಿದ್ದವು. ಆಗಷ್ಟೇ ಡಿಪ್ಲೊಮಾ ಮುಗಿಸಿದ್ದಳು.

"ಉಸ್ತಾದ್, ಒಂದು ಮಾತು. ಗುರುವಾರ ನಾನು ಕೋಜಿಮ್ ಅಣ್ಣನ ಮನೆಗೆ ಹೋಗ್ತಿದೀನಿ," ಅಂದಳು ತಲೆ ತಗ್ಗಿಸಿ. "ಫಾತಿಹಾ ತಗೊಳ್ಳಕ್ಕೆ."

"ಯಾರ ಹತ್ರ?"

"ಮದುವೆ ಮನೆಯವರು ಮೊದಲು ಅದನ್ನೇ ಕೇಳ್ತಾರೆ, ಯಾರ ಫಾತಿಹಾ ಅಂತ. ನೀವು ಕೊಡಲ್ಲ ಅಂತೀರಿ. ಎಲ್ರೂ ಅಲ್ಲಿಗೇ ಹೋಗೋದಲ್ವಾ ಉಸ್ತಾದ್?"

"ಎಲ್ರೂ ಅಂದ್ರೆ?"

ಹುಡುಗಿಗೆ ತಾನು ತೆರೆಯಬಾರದ ಬಾಗಿಲು ತೆರೆದೆ ಅಂತ ಗೊತ್ತಾಯಿತು. ಆದರೆ ಸುಳ್ಳು ಬರದ ಮಗು. "ಎಲ್ರೂನೂ. ನಿಮ್ಮ ಹತ್ರ ಕಲಿತೋರೆಲ್ಲ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಇಪ್ಪತ್ತೆಂಟು ವರ್ಷ! ತಾನು ಬೆರಳು ಹಿಡಿದು ತಿದ್ದಿದ ಒಬ್ಬೊಬ್ಬರೂ, ಕೋಣೆಯ ಬಾಗಿಲು ದಾಟಿ ನೇರ ಆ ಪಟ್ಟೆ ನಿಲುವಂಗಿಯ ಮುಂದೆ ಹೋಗಿ ಕೈಚಾಚಿ ಕೂತಿದ್ದಾರೆ. ಬಿತ್ತಿದ್ದು ತಾನು, ಬೆಳೆಸಿದ್ದು ತಾನು, ಹಣ್ಣು ಬಿದ್ದದ್ದು ಮಾತ್ರ ಪಕ್ಕದವನ ಅಂಗಳಕ್ಕೆ. ಈಗ ಸಬೋಹತ್ ಕೂಡ. ಬೇರೆ ಯಾರು ಹೋದರೂ ನುಂಗಿಕೊಳ್ಳಬಹುದಿತ್ತು, ಇವಳನ್ನು ಬಿಟ್ಟುಕೊಡಲು ಆಗಲಿಲ್ಲ. ಎರ್ಗಶ್ ಟೋಪಿ ತಲೆಗೆ ಒತ್ತಿಕೊಂಡು, ಬಸ್ಸಿಗೂ ಕಾಯದೆ ಕೋಜಿಮ್‌ನ ಮನೆಗೆ ನಡೆದ.

ಕೋಜಿಮ್ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಮಂಚದ ಮೇಲೆ ಕೂತಿದ್ದ. ಬಿಸಿಲಿದ್ದರೂ ಮೈಮೇಲೆ ಅದೇ ನಿಲುವಂಗಿ. ಪಟ್ಟೆಗಳ ಬಣ್ಣ ಹೋಗಿತ್ತು. ಬಲಗೈ ತೊಡೆಯ ಮೇಲೆ ಯಾರೋ ಮರೆತುಹೋದ ಸಾಮಾನಿನ ಹಾಗೆ ಬಿದ್ದಿತ್ತು.

"ನನ್ನ ಶಿಷ್ಯರನ್ನ ಯಾಕೋ ಕದೀತೀಯ?" ಎರ್ಗಶ್ ಬಾಗಿಲಲ್ಲೇ ಕೂಗಿದ.

"ಕದಿಯೋದಾ? ಬಾಗಿಲು ತೆಗೆದಿತ್ತು, ಬಂದ್ರು. ನೀನೂ ಹಾಗೇ ಬಂದೆಯಲ್ಲ. ಕೂತ್ಕೋ, ಚಹಾ ಕುಡಿ."

"ಚಹಾ ಕುಡಿಯಕ್ಕೆ ಬಂದಿಲ್ಲ ನಾನು."

"ಮೂವತ್ತೊಂದು ವರ್ಷ ಆದ್ಮೇಲೆ ಬಂದಿದೀಯ. ಒಂದು ಬಟ್ಟಲು ಕುಡಿದು ಬೈದ್ರೆ ಗಂಟೇನು ಹೋಗುತ್ತೆ?" ಕೋಜಿಮ್ ಎಡಗೈಯಲ್ಲಿ ತಡವರಿಸಿ ಚಹಾ ಬಗ್ಗಿಸಿದ. ಅರ್ಧ ಹೊರಗೆ ಚೆಲ್ಲಿತು. "ನೀನ್ಯಾಕೆ ಕೊಡಲ್ಲ ಅವರಿಗೆ? ಕೇಳ್ಕೊಂಡು ಬಂದ ಮಕ್ಕಳನ್ನ ನಾನು ಹಿಂದಕ್ಕೆ ಕಳಿಸಲಾ?"

"ನನಗೆ ಸಿಕ್ಕಿದ್ರೆ ತಾನೆ ಕೊಡೋದು!"

ಇದನ್ನು ಎರ್ಗಶ್ ಹೆಂಡತಿಗೂ ಹೇಳಿರಲಿಲ್ಲ. ಬಾಯಿಂದ ಬಿದ್ದ ಮೇಲೆ ಮಂಚದ ಅಂಚಿಗೆ ಕೂತ. ಉಳಿದದ್ದನ್ನೂ ಹೇಳಿಬಿಡಬೇಕು ಅನ್ನಿಸಿತು. "ಯಾಕೆ ಸಿಗಲಿಲ್ಲ ಅಂತ ಗೊತ್ತಾ ನಿನಗೆ? ಅವತ್ತು ನಿನ್ನ ದೊಯ್ರಾನ ನಾನು..."

"ನಾಲ್ಕು ತಿರುವು ತಿರುಗಿಸಿದೆ ನೀನು."

ಎರ್ಗಶ್ ತಲೆ ಎತ್ತಿ ಅವನ ಮುಖ ನೋಡಿದ.

"ಕೊಟ್ಟ ಮೇಲೆ ನೋಡಬಾರದು ಅಂತಿದ್ರು ಉಸ್ತಾದ್ರು. ನಾನು ನೋಡಿದೆ," ಅಂದ ಕೋಜಿಮ್. "ಸುಟ್ಟಿದೀಯ ಅಂತ ಮೊದಲ ಪೆಟ್ಟಿಗೇ ಖಾತ್ರಿ ಆಯ್ತು. ಒಣಗಿದ ಚರ್ಮ ಬೇರೆ ಥರ ಕೂಗುತ್ತೆ."

"ಗೊತ್ತಿದ್ದೂ ನುಡಿಸಿದೆಯಾ?"

"ಮತ್ತೇನು, ಮದುವೆ ಮನೇಲಿ ಎದ್ದು ನಿಂತು ಜೊತೆಯವನು ಸುಟ್ಟ ಅನ್ನಲಾ? ಉಸ್ತಾದ್ರ ಮರ್ಯಾದೆ ಏನಾಗ್ತಿತ್ತು?" ಕೋಜಿಮ್ ನಿಲುವಂಗಿಯ ಅಂಚನ್ನು ಎಡಗೈ ಬೆರಳಲ್ಲಿ ಹಿಂಡುತ್ತಾ ಹೇಳಿದ, "ನಾನೂ ಒಂದು ಹೇಳಬೇಕು. ಕೇಳಿ, ಆಮೇಲೆ ಬೈ. ಉಸ್ತಾದ್ರು ಹೋಗೋ ಮುಂಚೆ ಇದನ್ನ ಬಿಚ್ಚಿ ನನ್ನ ಕೈಗೆ ಕೊಟ್ರು. ನನಗಲ್ಲ, ನಿನಗೆ. 'ಎರ್ಗಶ್‌ಗೆ ಕೊಡು. ಫಾತಿಹಾನ ನಾನು ಕೊಟ್ಟಂಗೇ ನೀನು ಕೊಡು. ಅವನು ಒಂದು ಚರ್ಮ ಸುಟ್ಟಿದಾನೆ, ಇನ್ನು ಜನ್ಮದಲ್ಲಿ ಸುಡಲ್ಲ. ಕಲಿಸೋನು ಅವನೇ' ಅಂದ್ರು."

ಚಪ್ಪರದ ಮೇಲೆ ಕಣಜಗಳು ಗುಂಯ್‌ಗುಡುತ್ತಿದ್ದವು.

"ನನಗೆ ಮೈಯೆಲ್ಲ ಉರಿದುಹೋಯ್ತು," ಅಂದ ಕೋಜಿಮ್. "ಸುಡಿಸಿಕೊಂಡವನು ನಾನು. ಕೊನೇವರೆಗೂ ಕಾಲೊತ್ತಿದವನು ನಾನು. ನಿಲುವಂಗಿ ಸುಟ್ಟವನಿಗಾ? ಕಲಿಸೋನು ಅವನಂತೆ! ಕೊಡಲಿಲ್ಲ. ಹಾಕ್ಕೊಂಡೆ. ನಿನಗೆ ಕಾಣಲಿ ಅಂತಾನೇ ಹಾಕ್ಕೊಂಡು ತಿರುಗಿದೆ. ನಿನ್ನ ಶಿಷ್ಯರು ಬಂದಾಗಲೂ ಇದನ್ನೇ ಹಾಕ್ಕೊಂಡು ಕೈ ಎತ್ತಿದೆ. ಒಬ್ಬೊಬ್ಬರ ಕೈ ನೋಡಿದಾಗಲೂ ಅನ್ನಿಸ್ತಿತ್ತು, ಮುದುಕ ಹೇಳಿದ್ದು ನಿಜ ಅಂತ. ನನಗೆ ಒಬ್ಬನಿಗೂ ಕಲಿಸಕ್ಕೆ ಆಗಲಿಲ್ಲ ಎರ್ಗಶ್. 'ಹೀಗೆ ತಾನೆ' ಅಂತಿದ್ದೆ, ಅವರು ಎದ್ದು ಹೋಗ್ತಿದ್ರು."

ಎರ್ಗಶ್‌ಗೆ ನಗಬೇಕೋ, ಇವನ ಕತ್ತು ಹಿಸುಕಬೇಕೋ ತಿಳಿಯಲಿಲ್ಲ. ಮೂವತ್ತು ವರ್ಷ ಬೀದಿ ಬದಲಿಸಿ ಓಡಾಡಿದ್ದು ತನ್ನದೇ ಬಟ್ಟೆಗೆ ಹೆದರಿ! ತನ್ನದೇ ಬಟ್ಟೆಯನ್ನು ನೋಡಿ ತಾನು ಹೊಟ್ಟೆ ಸುಟ್ಟುಕೊಂಡದ್ದು!

"ಬಿಚ್ಚು," ಅಂದ.

ಕೋಜಿಮ್ ಬಿಚ್ಚಲು ನೋಡಿದ, ಒಂದು ಕೈಯಲ್ಲಿ ಆಗಲಿಲ್ಲ. ಎರ್ಗಶ್ ಎದ್ದು ಹೋಗಿ ತೋಳಿನೊಳಗಿಂದ ಆ ಬಿದ್ದುಹೋದ ಕೈಯನ್ನು ಹಿಡಿದು ಹೊರಗೆ ತೆಗೆಯಬೇಕಾಯಿತು. ತಣ್ಣಗಿತ್ತು, ಭಾರವಾಗಿತ್ತು. ಹರಿವಾಣದ ಮೇಲೆ ಆಡಿದ ಕೈ ಇದು. ಎಷ್ಟು ವರ್ಷ ಈ ಕೈ ಬಿದ್ದುಹೋಗಲಿ ಅಂತ ಒಳಗೊಳಗೇ ಬಯಸಿದ್ದನೋ ಅವನಿಗೇ ಗೊತ್ತು. ಅದನ್ನು ಮತ್ತೆ ಕೋಜಿಮ್‌ನ ತೊಡೆಯ ಮೇಲೆ ಇಡುವಾಗ ಎರ್ಗಶ್‌ನ ಕಣ್ಣು ತುಂಬಿತು.

"ಕೂತ್ಕೋ, ಕೈ ಚಾಚು," ಅಂದ ಕೋಜಿಮ್. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ಪ್ರಾರ್ಥಿಸಿದ. ಐವತ್ನಾಲ್ಕು ವರ್ಷದ ಎರ್ಗಶ್ ಹುಡುಗನ ಹಾಗೆ ಎರಡೂ ಅಂಗೈ ಬಿಚ್ಚಿ, ಈ ಲೋಕದಲ್ಲಿ ಯಾರ ಮುಂದೆ ಮಂಡಿಯೂರಬಾರದು ಅಂದುಕೊಂಡಿದ್ದನೋ ಅವನ ಮುಂದೆಯೇ ಮಂಡಿಯೂರಿದ. "ಆಮೀನ್," ಅಂದು ಇಬ್ಬರೂ ಮುಖ ಸವರಿಕೊಂಡರು. ಆಮೇಲೆ ಎರ್ಗಶ್ ಆರಿದ ಚಹಾವನ್ನು ಪೂರ್ತಿ ಕುಡಿದ.

ಗುರುವಾರ ಮಳೆ ಹನಿಯುತ್ತಿತ್ತು. ಸಬೋಹತ್ ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ, ದೊಯ್ರಾ ಹಿಡಿದು ಒಳಗೆ ಬಂದವಳು, ಕೋಜಿಮ್‌ನ ಪಕ್ಕದಲ್ಲಿ ಪಟ್ಟೆ ನಿಲುವಂಗಿ ಹಾಕಿಕೊಂಡು ಕೂತಿದ್ದ ತನ್ನ ಮೇಷ್ಟ್ರನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಬಾ ಮಗಳೇ," ಅಂದ ಕೋಜಿಮ್. "ಫಾತಿಹಾ ಕೊಡೋರು ಇವರು. ನಾನು ಕೇಳಕ್ಕೆ ಕೂತಿರೋನು."

ತೇವಕ್ಕೆ ಅವಳ ದೊಯ್ರಾ ಸಡಿಲವಾಗಿತ್ತು. ಒಲೆಯಲ್ಲಿ ಕೆಂಡ ಇತ್ತು. ಹುಡುಗಿ ಅತ್ತ ಹೆಜ್ಜೆ ಹಾಕಿದಳು.

"ಈ ಮನೇಲಿ ತನ್ನದನ್ನ ತಾನೇ ಕಾಯಿಸೋ ಹಾಗಿಲ್ಲ," ಅಂದ ಕೋಜಿಮ್. "ನನಗೆ ಕೈ ಇಲ್ಲ. ಎರ್ಗಶ್, ಏಳು."

ಎರ್ಗಶ್ ದೊಯ್ರಾ ತೆಗೆದುಕೊಂಡು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಅವತ್ತಿನ ಮದುವೆಯಾದ ಮೇಲೆ ಬೇರೊಬ್ಬರ ದೊಯ್ರಾವನ್ನು ಅವನು ಬೆಂಕಿಗೆ ಹಿಡಿದಿರಲಿಲ್ಲ. ಕಾಲೇಜಿನಲ್ಲಿ ಮಕ್ಕಳು ವಿದ್ಯುತ್ ಒಲೆಗೆ ತಾವೇ ಹಿಡಿದುಕೊಳ್ಳುತ್ತಿದ್ದರು, ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಒಂದು ತಿರುವು. ಎರಡು. ಮೂರು. ಉಗುರಿಂದ ತಟ್ಟಿದ, ದನಿ ಏರಿ ನಿಂತಿತು. ತಕ್ಷಣ ತೆಗೆದು, ಚರ್ಮವನ್ನು ಒಮ್ಮೆ ಕೆನ್ನೆಗೆ ಒತ್ತಿ ನೋಡಿ ಅವಳ ಕೈಗೆ ಕೊಟ್ಟ.

ಸಬೋಹತ್ ನುಡಿಸಿದಳು. ಮೊದಲು ಮೆಲ್ಲಗೆ, ಆಮೇಲೆ ನಡುವೆ ಆ ಹರಿವಾಣದ ಪೆಟ್ಟುಗಳನ್ನು ಎರ್ಗಶ್ ಬರೆದಿಟ್ಟ ಹಾಗೇ ಒಂದೂ ಬಿಡದೆ. ಎರ್ಗಶ್‌ನ ಕಣ್ಣು ತಾವಾಗಿ ಮುಚ್ಚಿದವು. ಮುಗಿದ ಮೇಲೆ ಕೈ ಎತ್ತಿ ಪ್ರಾರ್ಥಿಸಿದ. ಹುಡುಗಿ ಮುಖ ಸವರಿಕೊಂಡು, ಅವನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು.

ಅವಳ ತಲೆಯ ಮೇಲಿಂದ ಎರ್ಗಶ್‌ಗೆ ಕೋಜಿಮ್‌ನ ಮುಖ ಕಂಡಿತು. ತುಟಿ ನಗುತ್ತಿತ್ತು, ಕಣ್ಣು ಮಾತ್ರ ಹುಡುಗಿ ಹಿಡಿದ ಕೈಗಳ ಮೇಲೇ ನೆಟ್ಟಿತ್ತು. ಆ ಮುಖ ಎರ್ಗಶ್‌ಗೆ ಚೆನ್ನಾಗಿ ಗೊತ್ತು. ಮೂವತ್ತೊಂದು ವರ್ಷ ಕ್ಷೌರದಂಗಡಿಯ ಕನ್ನಡಿಯಲ್ಲಿ ಅದನ್ನೇ ನೋಡಿಕೊಂಡು ಬಂದಿದ್ದ.

"ಅವರ ಕೈಯನ್ನೂ ಹಿಡ್ಕೋ ಮಗಳೇ," ಅಂದ ಮೆಲ್ಲಗೆ. "ಬಲಗೈ ಹಿಡಿ. ನೀನು ನುಡಿಸಿದ್ದು ಆ ಕೈಯನ್ನೇ."

ಹುಡುಗಿ ಅತ್ತ ತಿರುಗಿದಳು. ಎರ್ಗಶ್ ಸರಿದು ಅವಳಿಗೆ ಜಾಗ ಬಿಟ್ಟ. ಮಳೆಗಾಳಿಗೆ ಕೋಜಿಮ್ ತೆಳು ಅಂಗಿಯಲ್ಲಿ ನಡುಗುತ್ತಿದ್ದದ್ದು ಅವನಿಗೆ ಕಾಣದೇ ಇರಲಿಲ್ಲ. ಒಳಗೆ ಹೋಗಿ ಒಂದು ಕಂಬಳಿ ಹುಡುಕಿ ತಂದು ಹೊದಿಸಿದ. ನಿಲುವಂಗಿಯನ್ನು ಮಾತ್ರ ಬಿಚ್ಚಲಿಲ್ಲ.